ಹಸು ಬಿಚ್ಚದ ಗಂಟು

ಸಮುದ್ರವನ್ನೇ ಕಾಣದ ಹೊಂಗನೂರಿನವನು ಹಾಯಿದೋಣಿಯಲ್ಲಿ ಲಂಗರು ಕಟ್ಟಲು ಹೋದರೆ ಎಡವಟ್ಟುಗಳು ತಾವೇ ಹುಡುಕಿಕೊಂಡು ಬರುತ್ತವೆ. ಗೋವಾದಲ್ಲಿ ಸಾಹುಕಾರರೊಬ್ಬರ ದೋಣಿಯ ಲಂಗರು, ಸರಪಳಿ ಎರಡನ್ನೂ ಹದಿನೆಂಟು ವರ್ಷ ನೋಡಿಕೊಂಡೆ. ಈಗ ಊರಿಗೆ ಬಂದು ಕೂತಿದ್ದರೂ ಆ ಸರಪಳಿಯ ಗಡಗಡ ಸದ್ದು ಕಿವಿಯಿಂದ ಹೋಗಿಲ್ಲ.

ಅವ್ವನ ಅನುಮಾನ

ಕೆಲಸ ಸಿಕ್ಕಿತೆಂದು ಹೇಳಿದಾಗ ಅವ್ವ ಹಾಲು ಕರೆಯುತ್ತಿದ್ದಳು.

"ದೋಣೀಲಿ ಏನ್ಲಾ ನಿನ್ ಕೆಲ್ಸ?"

"ಲಂಗರು ಕಟ್ಟೋದು ಕಣವ್ವ. ಸರ್ಯಾಗಿ ಕಟ್ಟದಿದ್ರೆ ಅಲೆ ಹೊಡ್ತಕ್ಕೆ ಬಿಚ್ಕೊಂಡು ಹೊಂಟೋಯ್ತದೆ."

ನಮ್ಮ ಹಸು ನಾನು ಕಟ್ಟಿದ ಎಂಥ ಹಗ್ಗವನ್ನೂ ಬಾಯಲ್ಲೇ ಬಿಚ್ಚಿ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ನುಗ್ಗುತ್ತಿತ್ತು. ಅವ್ವ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಇದ್ನೇ ಕಟ್ಟಾಕಕ್ಕಾಗ್ನಿಲ್ಲ ನಿನ್ ಕೈಲಿ. ಅಲ್ಲೋಗಿ ಅದೇನ್ ಕಿಸಿತೀಯೋ!"

ಪರೀಕ್ಷೆ

ಬೈದರೂ, ಆ ಹಸುವಿಗೂ ಬಗ್ಗದ ಗಂಟೊಂದನ್ನು ಹೊರಡುವ ಮುಂಚೆ ಕಲಿಸಿದಳು. ಮೊದಲ ಬಿರುಗಾಳಿಯಲ್ಲಿ ದೋಣಿಯ ಸಾಮಾನುಗಳೆಲ್ಲ ಉರುಳಾಡಿದವು, ನನ್ನ ಲಂಗರು ಅಲುಗಲಿಲ್ಲ. ಕಾರವಾರದ ಕಡೆಯ ನಮ್ಮ ಕ್ಯಾಪ್ಟನ್ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿ ತರಬೇತಿ ಆಯ್ತು ಮಾರಾಯ?"

"ಕೊಟ್ಟಿಗೇಲಿ ಸಾರ್."

ಹಸುವಿನ ಕಥೆಯನ್ನೂ ಹೇಳಿದೆ. ಅಂದಿನಿಂದ ದೋಣಿ ಹೊರಡುವಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಹಸು ಬಿಚ್ಚುತ್ತದಾ?" ನಾನು "ಇಲ್ಲ ಸಾರ್" ಅಂದರೆ ಮಾತ್ರ ಹಾಯಿ ಏರುತ್ತಿತ್ತು.

ಆಯುಧಪೂಜೆ

ಒಂದು ವರ್ಷ ಹಬ್ಬಕ್ಕೆ ಅವ್ವ ಫೋನಿನಲ್ಲಿ ಹೇಳಿದಳು: "ವರ್ಸೆಲ್ಲ ದುಡ್ದಿರೋ ಸರಪಳಿ ಕಣ್ಲಾ. ಕಟ್ಟು ಬಿಚ್ಚಿ ತೊಳ್ದು ಪೂಜೆ ಮಾಡು. ಅವತ್ತಾದ್ರೂ ಒಸಿ ಸುಧಾರಿಸ್ಕೊಳ್ಲಿ."

ಸರಪಳಿಯ ಕೊನೆಯನ್ನು ದೋಣಿಗೆ ಬಿಗಿದಿದ್ದ ಹಗ್ಗ ಬಿಚ್ಚಿದೆ. ತೊಳೆದೆ, ಕುಂಕುಮ ಇಟ್ಟೆ. ಊರಿಂದ ತಂದಿದ್ದ ಉದ್ದನೆಯ ಹಗ್ಗದಿಂದ ಆ ಕೊನೆಗೊಂದು ಬಾಳೆಕಂದನ್ನು ಅವ್ವನ ಗಂಟು ಹಾಕಿ ಕಟ್ಟಿದೆ. ದೋಣಿಗೆ ಮತ್ತೆ ಬಿಗಿಯುವುದನ್ನು ಮಾತ್ರ ಮರೆತೆ.

ಮರುದಿನ ಸಾಹುಕಾರರ ನೆಂಟರೆಲ್ಲ ನೋಡುತ್ತಿದ್ದಂತೆ ಲಂಗರು ಬಿಟ್ಟೆ. ಸರಪಳಿ ಗಡಗಡನೆ ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಬಾಳೆಕಂದೂ ನನ್ನ ಮೂಗಿನ ಮುಂದೆಯೇ ಹಾರಿ ನೀರಿಗೆ ಬಿತ್ತು. ಕೆಲಸ ಹೋಯಿತು ಅಂದುಕೊಂಡೆ, ಕಣ್ಣಲ್ಲಿ ನೀರೇ ಬಂತು.

"ಹಸು ಬಿಚ್ಚಿತಾ?" ಅಂದರು ಕ್ಯಾಪ್ಟನ್.

"ಇಲ್ಲ ಸಾರ್. ಅವ್ವ ಬಿಚ್ಚಿಸಿದ್ಲು."

ಅಷ್ಟರಲ್ಲಿ ಬಾಳೆಕಂದು ನೀರಿನ ಮೇಲೆ ತೇಲಿತು! ಅದನ್ನು ಹಿಡಿದು ಹಗ್ಗ ಎಳೆದೆವು. ಅವ್ವನ ಗಂಟು ಸಡಿಲಾಗಿರಲಿಲ್ಲ. ಸರಪಳಿಯೂ ಲಂಗರೂ ಒಂದೊಂದಾಗಿ ಮೇಲೆ ಬಂದವು. ನನ್ನ ಕೆಲಸವೂ ಉಳಿಯಿತು.

ಮೊನ್ನೆ

ಅವ್ವ ಈಗಿಲ್ಲ. ಹಬ್ಬ ಬಂದರೆ ಅವಳ ಬೈಗುಳವಿಲ್ಲದೆ ಮನೆ ಬಿಕೋ ಅನ್ನುತ್ತದೆ. ಕ್ಯಾಪ್ಟನ್ ಮಾತ್ರ ಪ್ರತಿ ಆಯುಧಪೂಜೆಗೆ ತಪ್ಪದೆ ಫೋನ್ ಮಾಡುತ್ತಾರೆ. ಈ ಸಲವೂ ಮಾಡಿದರು.

"ಪೂಜೆ ಆಯ್ತಾ? ಬಿಚ್ಚಿದ್ದನ್ನೆಲ್ಲ ವಾಪಸ್ ಕಟ್ಟಿದಿಯಾ?"

"ಏನ್ ಸಾರ್, ಇಷ್ಟು ವಯಸ್ಸಾದ್ಮೇಲೂ ಮರೀತೀನಾ?" ಎಂದು ನಗುತ್ತಾ ತಿರುಗಿದೆ.

ಮೈ ತೊಳೆದು ಕುಂಕುಮ ಇಡಲೆಂದು ನಾನೇ ಹಗ್ಗ ಬಿಚ್ಚಿದ್ದ ಹಸು, ಸ್ಕೂಟರಿಗೆ ಕಟ್ಟಿದ್ದ ಬಾಳೆಕಂದನ್ನು ಬುಡದವರೆಗೂ ತಿಂದು ಮುಗಿಸಿತ್ತು.