ಸ್ಪಂಜಿನ ರಸ, ಕೋಳಿಮರಿಯ ಹೃದಯ, ನನ್ನ ಗುತ್ತಿಗೆ

ಕಿಲೋಗೆ ಎರಡು ರೂಪಾಯಿ. ಮದ್ದು ಸಿದ್ಧವಾದರೆ ಜೀವಮಾನದ ಗುತ್ತಿಗೆ ನನ್ನದೇ. ಎಪ್ಪತ್ತೆಂಟನೆಯ ಇಸವಿಯಲ್ಲಿ ಕೊಡಿಯಾಲ್‌ಬೈಲಿನ ಕಾಲೇಜು ಪ್ರೊಫೆಸರೊಬ್ಬರು ಬಂದರಿನ ನನ್ನ ಒಣಮೀನು ಅಂಗಡಿಯಲ್ಲಿ ಕೂತು ಕೊಟ್ಟ ಮಾತು. ಅವರಿಗೆ ಬೇಕಾದದ್ದು ಬಲೆಗೆ ಸಿಕ್ಕಿ ಬರುವ ಸಮುದ್ರದ ಸ್ಪಂಜು. ಅದರ ರಸವನ್ನು ಮೊಟ್ಟೆಯೊಳಗೆ ಬಿಟ್ಟರೆ ಮರಿಯ ಹೃದಯ ಮೂಡುವ ಬಗೆಯೇ ಬದಲಾಗುತ್ತದಂತೆ; ಮುಂದೆ ಮನುಷ್ಯರ ಹೃದಯಕ್ಕೂ ಮದ್ದಾಗಬಹುದಂತೆ. ಆ ಗುತ್ತಿಗೆಯನ್ನು ನಂಬಿ ಭಾವನ ಐಸ್ ಪ್ಲಾಂಟಿನಲ್ಲಿ ಅರ್ಧ ಪಾಲು ಬೇಡವೆಂದೆ. ಕಲಿತವರ ಜೊತೆ ವ್ಯಾಪಾರಕ್ಕಿಳಿದವನಿಗೆ ಇಂಥವು ತಪ್ಪಿದ್ದಲ್ಲ.

೧. ಕೊಳೆಯದ ಹಾಗೆ

ಮೊದಲ ಬುಟ್ಟಿ ಬಂದಾಗ ಪ್ರೊಫೆಸರು ಊರಲ್ಲಿರಲಿಲ್ಲ. ಸ್ಪಂಜು ನಾರತೊಡಗಿತು. ನಾರುವ ವಸ್ತುವಿಗೆ ಬಂದರಿನಲ್ಲಿ ಇರುವುದು ಒಂದೇ ಉಪಾಯ. ಉಪ್ಪು ಹಾಕಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಚೆಂದಕ್ಕೆ ಕಟ್ಟಿ ಕೊಟ್ಟೆ.

ಅವರು ತಲೆ ಹಿಡಿದುಕೊಂಡರು. "ಸತ್ವವೆಲ್ಲ ಹೋಯಿತಲ್ಲ! ಉಪ್ಪು ಯಾಕೆ ಹಾಕಿದ್ರಿ?"

"ಮತ್ತೆ ಸಮುದ್ರದಲ್ಲಿ ಎಂತ, ಬೆಲ್ಲದಲ್ಲಿ ಇಟ್ಟಿದ್ರಾ?"

೨. ಬಜಪೆಯ ಮೊಟ್ಟೆ

ಮೊಟ್ಟೆ ಒದಗಿಸುವುದನ್ನೂ ನಾನೇ ವಹಿಸಿಕೊಂಡೆ, ಬಜಪೆಯ ಒಂದು ಕೋಳಿ ಫಾರ್ಮಿನಿಂದ. ಕಾವಿಗಿಟ್ಟ ಮೂರನೆಯ ದಿನ ಪ್ರೊಫೆಸರು ಓಡಿಕೊಂಡು ಬಂದರು. "ಸಾಹುಕಾರ್ರೇ, ಭಯಂಕರ ರಸ! ಒಂದು ಮೊಟ್ಟೆಯಲ್ಲೂ ಹೃದಯ ಮೂಡಲಿಲ್ಲ!"

ಮರುದಿನ ಮುಖ ಸಪ್ಪೆ. ರಸ ಹಾಕದೆ ಇಟ್ಟ ಮೊಟ್ಟೆಗಳಲ್ಲೂ ಮೂಡಿರಲಿಲ್ಲ.

ಬಜಪೆಗೆ ಹೋಗಿ ಫಾರ್ಮಿನ ಯಜಮಾನಿಯನ್ನು ಕೇಳಿದೆ: "ಅಕ್ಕಾ, ನಿಮ್ಮಲ್ಲಿ ಹುಂಜ ಎಷ್ಟು ಉಂಟು?"

"ಹುಂಜ ಎಂತಕ್ಕೆ ಮಾರಾಯ್ರೆ? ತಿಂದು ತಿರುಗುವುದಕ್ಕೆ ಮನೆಯಲ್ಲಿ ಒಬ್ಬರು ಇದ್ದಾರೆ, ಸಾಕು."

೩. ಬೊಂಬಾಯಿಯಿಂದ ಬಂದದ್ದು

ಏಳು ವರ್ಷ ಸ್ಪಂಜು ಹೊತ್ತೆ. ಕೊನೆಗೊಂದು ದಿನ ಪ್ರೊಫೆಸರು ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು ತೋರಿಸಿದರು. ಸಾಸಿವೆಯಷ್ಟು ಕೆಂಪು, ಪಟಪಟ ಬಡಿಯುತ್ತಿತ್ತು. ಒಂದು ಹನಿ ರಸ ಬಿದ್ದದ್ದೇ ಅದು ನಿಧಾನವಾಯಿತು. ನನ್ನದು ಜೋರಾಯಿತು.

ಬೊಂಬಾಯಿಯ ಮದ್ದಿನ ಕಂಪೆನಿಯಿಂದ ಅಧಿಕಾರಿ ಬಂದ. ಹೊಸ ಪಂಚೆ ಉಟ್ಟು ಹೋದೆ. ಅವನು ಹೇಳಿದ್ದನ್ನು ಪ್ರೊಫೆಸರೇ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು: "ರಸದಲ್ಲಿ ಇರುವುದು ಎಂತ ಅಂತ ಗೊತ್ತಾಯಿತಲ್ಲ, ಇನ್ನು ಅದನ್ನು ಫ್ಯಾಕ್ಟರಿಯಲ್ಲೇ ಮಾಡ್ತಾರಂತೆ. ಸ್ಪಂಜು ಬೇಡವಂತೆ."

"ಮತ್ತೆ ನಾನು?"

"ನಿಮ್ಮನ್ನು ಕಂಪೆನಿ ಮರೆಯುವುದಿಲ್ಲವಂತೆ."

ಮರೆಯಲಿಲ್ಲ. ಎರಡು ತಿಂಗಳಿಗೆ ಅಂಚೆಯಲ್ಲಿ ಉದ್ದದ ಕಟ್ಟೊಂದು ಬಂತು. ಭಾವ ತನ್ನ ಮೂರನೆಯ ಐಸ್ ಲಾರಿಯನ್ನು ಅಂಗಡಿ ಎದುರೇ ನಿಲ್ಲಿಸಿ ಇಳಿದ. "ಬಿಚ್ಚು ಮಾರಾಯ, ಕರಾರುಪತ್ರ ಇದ್ದರೂ ಇದ್ದೀತು."

ಬಿಚ್ಚಿದೆ. ಕಿಲೋಗೆ ಎರಡು ರೂಪಾಯಿ ಬಿಟ್ಟರೆ ಏಳು ವರ್ಷಕ್ಕೆ ಒಟ್ಟು ಗಿಟ್ಟಿದ್ದು ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಒಂದು. ಅದೂ ಹೋದ ವರ್ಷದ್ದು.