ವಾರವಿಡೀ ಉಪವಾಸದ ಅಳಿಯ

ನನ್ನ ಅಳಿಯನಷ್ಟು ದೈವಭಕ್ತ ಇಡೀ ಕತಾರಿನಲ್ಲಿ ಇನ್ನೊಬ್ಬ ಇರಲಿಲ್ಲ. ನಗಬೇಡಿ! ಎರಡು ತಿಂಗಳು ನಾನು ಇದನ್ನು ಗಟ್ಟಿಯಾಗಿ ನಂಬಿದ್ದೆ. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು, ಮೇಲಿನ ಮಾಳಿಗೆಗೂ ಹೋಗಿ ಸಾರಿಯೂ ಬಂದಿದ್ದೆ.

ಮಗಳ ಬಾಣಂತನಕ್ಕೆಂದು ದೋಹಾಕ್ಕೆ ಹೋದವಳು ನಾನು. ಚೀಲದಲ್ಲಿ ಕುಚ್ಚಲಕ್ಕಿ, ಒಣಮೆಣಸು, ಬಾಣಂತಿ ಮದ್ದಿನ ಪುಡಿ. ಅಳಿಯನಿಗೆಂದು, ಕೋಳಿ ಸಾರಿಗೆ ಮುರಿದು ಹಾಕಿ ತಿನ್ನುವ ಕೋರಿರೊಟ್ಟಿಯ ದೊಡ್ಡ ಕಟ್ಟು ಬೇರೆ. ಅದು ಪುಡಿಯಾಗಬಾರದೆಂದು ವಿಮಾನದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ನಮ್ಮ ಕಡೆ ಅಳಿಯನೆಂದರೆ ಸಣ್ಣ ಮಾತಲ್ಲ. ಪ್ರಾಯದಲ್ಲಿ ಎಷ್ಟು ಚಿಕ್ಕವನಾದರೂ ‘ನೀವು’ ಎನ್ನಬೇಕು. ಎದುರು ಬಂದರೆ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಅವನ ಬಟ್ಟಲು ಖಾಲಿಯಾಗುವ ಮುಂಚೆ ಬಡಿಸಬೇಕು. ಸರಿ, ನಾನು ಕೋಳಿ ಸಾರಿನ ಪಾತ್ರೆ, ಸೌಟು ಹಿಡಿದು ನಿಂತರೆ ಇವನು ಹೇಳುವುದೇನು?

“ಇವತ್ತು ಸೋಮವಾರ ಅಲ್ವಾ ಮಾಮಿ. ಉಪವಾಸ.”

ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುತ್ತಾರೆ. ಒಳ್ಳೆಯದೇ ಆಯಿತು, ಶಿವನ ವಾರ. ಮಂಗಳವಾರ ಮತ್ತೆ ಪಾತ್ರೆ ಹಿಡಿದು ನಿಂತೆ. ಮಂಗಳವಾರ ಗಣಪತಿಗಂತೆ. ಗುರುವಾರ ಗುರುಗಳಿಗೆ, ಶುಕ್ರವಾರ ದೇವಿಗೆ, ಶನಿವಾರ ಕೇಳುವುದೇ ಬೇಡ. ನಡುವೆ ಏಕಾದಶಿ, ಸಂಕಷ್ಟಿ. ಬುಧವಾರವಾದರೂ ಸಿಕ್ಕಿಬೀಳುತ್ತಾನೆಂದು ಕಾದೆ.

“ಬುಧವಾರ ಎಂತದ್ದು?”

ಅವನು ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರನ್ನೇ ನೋಡಿದ. “ಬುಧವಾರ... ಹಿರಿಯರಿಗೆ ಮಾಮಿ.”

“ಹಿರಿಯರು ಊಟ ಬಿಟ್ಟು ಸತ್ತಾಯಿತಲ್ಲ, ನಿಮಗೆಂತಕ್ಕೆ ಉಪವಾಸ?” ಎಂದು ನಾಲಿಗೆ ತುದಿಗೆ ಬಂದಿತ್ತು. ಅಳಿಯನಲ್ಲವೇ, ನುಂಗಿಕೊಂಡೆ. ಕೋರಿರೊಟ್ಟಿಯನ್ನು ನಾನೊಬ್ಬಳೇ ಕಟಕಟ ಅಗಿದು ಮುಗಿಸಿದೆ. ಬಾಣಂತಿ ತಿನ್ನುವ ಹಾಗಿಲ್ಲ, ಭಕ್ತ ತಿನ್ನುವ ಹಾಗಿಲ್ಲ. ಭಾನುವಾರ ಒಂದು ದಿನ ಅವನು ಊಟಕ್ಕೆ ಕೂರುತ್ತಿದ್ದ. ಗಂಜಿಯ ತಿಳಿ, ಒಂದು ಚಿಟಿಕೆ ಉಪ್ಪು.

ಅವನಿಗೆ ಕೆಲಸವಿದ್ದದ್ದು ರಾಸ್ ಲಫಾನಿನಲ್ಲಿ, ಗ್ಯಾಸಿನ ಪ್ಲಾಂಟಿನ ಹತ್ತಿರ. ಬೆಳಿಗ್ಗೆ ಐದಕ್ಕೆ ಕಂಪೆನಿಯ ಬಸ್ಸು. ನಾಲ್ಕಕ್ಕೇ ಎದ್ದು ಬಾತ್‌ರೂಮು ಹೊಕ್ಕರೆ ಬಸ್ಸಿನ ಹಾರನ್ ಕೇಳುವವರೆಗೆ ಹೊರಗಿಲ್ಲ. ನಳ್ಳಿ ಸುರಿಯುತ್ತಲೇ ಇರುತ್ತಿತ್ತು. ಆಹಾ, ಎಂಥ ಮಡಿ! ಹೀಗೆ ಗಂಟೆಗಟ್ಟಲೆ ಸ್ನಾನ ಮಾಡುವ ಗಂಡಸನ್ನು ನಾನು ನನ್ನ ಗಂಡನ ಮನೆಯಲ್ಲೂ ಕಂಡಿಲ್ಲ, ತವರಿನಲ್ಲೂ ಕಂಡಿಲ್ಲ.

ಮನೆಯಲ್ಲಿ ಬಾತ್‌ರೂಮು ಒಂದೇ. ಕೋಣೆ ಎರಡು. ನನ್ನ ಕೋಣೆಯ ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ, ಅದರ ತುಂಬ ಎ.ಸಿ. ಪೆಟ್ಟಿಗೆಗಳು. ಹದಿನಾಲ್ಕು. ಎಣಿಸಿದ್ದೇನೆ, ಬೇರೆ ಎಂತ ಕೆಲಸ? ಮಗಳೂ ಮಗುವೂ ಹಗಲೆಲ್ಲ ನಿದ್ದೆ. ಕೆಳಗೆ ಇಳಿದರೆ ಬಿಸಿಲು, ಮಾತಾಡಿದರೆ ಯಾರಿಗೂ ನನ್ನ ಭಾಷೆ ಬಾರದು. ಮೇಲಿನ ಮಾಳಿಗೆಯಲ್ಲಿ ಕಾರ್ಕಳ ಕಡೆಯ ಹೆಂಗಸೊಬ್ಬಳಿದ್ದಳು, ಅವಳಿಗೂ ಆಫೀಸು. ಸಂಜೆ ಒಂದು ಗಳಿಗೆ ಸಿಕ್ಕಿದರೆ ನಾನು ಹೇಳುವುದು ಅಳಿಯನ ಭಕ್ತಿಯ ವಿಷಯ ಮಾತ್ರ. ಬೇರೆ ವಿಷಯ ನನ್ನಲ್ಲಿ ಇರಲೂ ಇಲ್ಲ.

ಮಗಳ ಹತ್ತಿರ ಒಮ್ಮೆ ಕೇಳಿದೆ, “ಅವರು ಸೊರಗಿದ ಹಾಗೆ ಕಾಣ್ತದಲ್ಲ?”

“ಗ್ಯಾಸ್ಟ್ರಿಕ್ ಅಮ್ಮ. ಮೊದಲಿಂದಲೂ ಉಂಟು.”

ಗ್ಯಾಸ್ಟ್ರಿಕ್‌ಗೆ ನನ್ನಲ್ಲಿ ಮದ್ದಿಲ್ಲವೇ? ರಜೆಯ ದಿನ ಬೆಳಿಗ್ಗೆ ಬಾಣಂತಿ ಕಷಾಯ ಇನ್ನೊಂದು ಲೋಟ ಹೆಚ್ಚು ಕುದಿಸಿದೆ. ಕಾಳುಮೆಣಸು, ಶುಂಠಿ, ಹಿಪ್ಪಲಿ, ಕುಡಿದರೆ ಕಿವಿಯಲ್ಲಿ ಹೊಗೆ ಬರಬೇಕು ಹಾಗೆ. ಮಾಮಿ ಕೈಯಾರೆ ಕೊಟ್ಟದ್ದನ್ನು ಅಳಿಯ ಬೇಡ ಎನ್ನುವುದುಂಟೇ? ನಿಂತಲ್ಲೇ ಕುಡಿದ. ಕಣ್ಣಲ್ಲಿ ನೀರು ಬಂತು. ಲೋಟ ನನ್ನ ಕೈಗೆ ಕೊಟ್ಟು, “ಗಡ್ಡ ತೆಗೆದು ಬರ್ತೇನೆ” ಎಂದು ಒಳಗೆ ಹೋದ. ಅರ್ಧ ಗಂಟೆಗೆ ಬಂದ. ಹತ್ತು ನಿಮಿಷಕ್ಕೆ ಮತ್ತೆ ಗಡ್ಡ ತೆಗೆಯಲು ಹೋದ. ಊಟದ ಹೊತ್ತಿಗೆ ಇನ್ನೊಮ್ಮೆ. ಒಂದೇ ದಿನ ಮೂರು ಸಲ ಗಡ್ಡ ಕೆರೆಯುವ ಗಂಡಸು! ಸಂಜೆ ನೋಡಿದರೆ ಬೆಳಗ್ಗಿನ ಗಡ್ಡ ಹಾಗೇ ಇದೆ.

ಆಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ನಾಲ್ಕು ದಿನ ಕಷಾಯ ಕೊಟ್ಟೆ.

ಇನ್ನೊಂದು ಸಂಜೆ ಓಮ, ಒಣಶುಂಠಿ ಮುಗಿಯಿತೆಂದು ನನ್ನನ್ನು ಸೂಕ್ ವಾಕಿಫ್ ಎನ್ನುವ ಹಳೇ ಪೇಟೆಗೆ ಕರೆದುಕೊಂಡು ಹೋದ. ಜೀರಿಗೆ, ಅರಸಿನ, ಒಣಗಿದ ಗುಲಾಬಿ ಮೊಗ್ಗು ಎಲ್ಲ ಗೋಣಿಯಲ್ಲಿ ಬಾಯಿ ಬಿಚ್ಚಿಕೊಂಡು ಕೂತಿದ್ದವು. ನಾನು ಮೂಸಿ ನೋಡುವಷ್ಟರಲ್ಲಿ ಅಳಿಯನ ಮುಖ ಬಿಳಿಚಿತು.

“ಮಾಮಿ, ಇಲ್ಲೇ ನಿಲ್ಲಿ. ಒಂದು ಅರ್ಜೆಂಟ್ ಫೋನ್ ಮಾಡಿ ಬಂದೆ.”

ಹೋದವನು ಹೋದ. ಉದ್ದ ಬಿಳಿ ಅಂಗಿಯವರು ನನ್ನನ್ನು ಬಳಸಿಕೊಂಡು ನಡೆದರು. ಅಂಗಡಿಯ ಮಲಯಾಳಿ ನೋಡಿ ನೋಡಿ ಕೊನೆಗೆ ಒಂದು ಸ್ಟೂಲು ತಂದಿಟ್ಟ. ಕೂತೆ. ಆಗ ನನ್ನ ಕೈಚೀಲದೊಳಗಿಂದ ಫೋನು ಬಡಿದುಕೊಳ್ಳಲು ಶುರುವಾಯಿತು. ಅಳಿಯನ ಫೋನು! ಕಾರಿನಿಂದ ಇಳಿಯುವಾಗ ಅವನೇ ನನ್ನ ಚೀಲಕ್ಕೆ ಹಾಕಿದ್ದು. ಹಸಿರು ಗುಂಡಿ ಒತ್ತಿದರೆ ಮಗಳು.

“ಅವರು ಎಲ್ಲಿ ಅಮ್ಮ?”

“ಫೋನ್ ಮಾಡ್ಲಿಕ್ಕೆ ಹೋಗಿದ್ದಾರೆ.”

“ಯಾವ ಫೋನಲ್ಲಿ?”

ನಾನು ಕೆಂಪು ಗುಂಡಿ ಒತ್ತಿದೆ. ಕೊನೆಗೂ ಅವನು ಬಂದ. ಅಂಗಿಯ ತೋಳು ಒದ್ದೆ, ಹಣೆ ಒದ್ದೆ. ಆದರೆ ಒಂದು ಸಂಗತಿ ಹೇಳುತ್ತೇನೆ, ವಾಪಸು ಬರುವ ದಾರಿಯುದ್ದಕ್ಕೂ ಅವನು ತೋರಿಸಿದ್ದು ಸಮುದ್ರವನ್ನಲ್ಲ, ಎತ್ತರದ ಕಟ್ಟಡಗಳನ್ನೂ ಅಲ್ಲ. “ಈ ಪೆಟ್ರೋಲ್ ಪಂಪು ಒಳ್ಳೆ ಕ್ಲೀನ್ ಮಾಮಿ.” “ಈ ಹೋಟೆಲಿನವರು ಯಾರು ಒಳಗೆ ಹೋದ್ರೂ ಕೇಳುವುದಿಲ್ಲ.” ಊರು ತೋರಿಸುವ ಕ್ರಮವೇ ಇದು?

ಮಗುವಿಗೆ ಎರಡು ತಿಂಗಳು ತುಂಬಿದ ಶುಕ್ರವಾರ ಸತ್ಯನಾರಾಯಣ ಪೂಜೆ ಮಾಡಿಸುವುದೆಂದು ಹಟ ಹಿಡಿದವಳು ನಾನೇ. ಇಂಥ ಭಕ್ತನ ಮನೆಯಲ್ಲಿ ಪೂಜೆಯಿಲ್ಲದಿದ್ದರೆ ಹೇಗೆ? ವಾರವೆಲ್ಲ ಯಾವುದೋ ಆಫೀಸಿನಲ್ಲಿ ಲೆಕ್ಕ ಬರೆಯುವ ಭಟ್ಟರೊಬ್ಬರು ಶುಕ್ರವಾರದ ರಜೆಯಲ್ಲಿ ಇಂಥದ್ದಕ್ಕೆ ಬರುತ್ತಿದ್ದರು.

“ಎಷ್ಟು ಹೊತ್ತು ಕೂತ್ಕೊಳ್ಬೇಕು ಮಾಮಿ?” ಅಳಿಯ ಕೇಳಿದ.

“ಎರಡು ಗಂಟೆ. ಸಂಕಲ್ಪ ಮಾಡಿ ಕೂತವರು ಮಂಗಳಾರತಿವರೆಗೆ ಏಳುವ ಹಾಗಿಲ್ಲ.”

ಅವನು ಮಂಡಲ ಹಾಕುವ ಜಾಗವನ್ನು ಮಾತ್ರ ತಾನೇ ಆರಿಸಿದ. ಬಾತ್‌ರೂಮಿನ ಬಾಗಿಲಿನ ಪಕ್ಕ! “ನೀರು ಹತ್ತಿರ ಆಗ್ತದೆ” ಎಂದ. ದೇವರನ್ನು ಅಲ್ಲಿ ಕೂರಿಸುವುದೇ? ನಾನು ಒಪ್ಪಲಿಲ್ಲ. ಈಚೆ ಮೂಲೆಗೆ, ಪೂರ್ವಕ್ಕೆ, ಹಾಕಿಸಿದೆ. ನಡುವೆ ಇಪ್ಪತ್ತು ಜನ ಕಾಲು ಮಡಚಿ ಕೂತರು.

ಮೂರನೆಯ ಅಧ್ಯಾಯ ನಡೆಯುತ್ತಿತ್ತು. ಅಳಿಯ ಕೈಯಲ್ಲಿದ್ದ ಹೂವು ಅಕ್ಷತೆ ಹೆಂಡತಿಯ ಮಡಿಲಿಗೆ ಹಾಕಿ ಎದ್ದ. ಎದ್ದವನು ಜನರನ್ನು ದಾಟಿದ್ದು ಹೇಗೆಂದು ನನಗೆ ಈಗಲೂ ಗೊತ್ತಿಲ್ಲ. ಒಬ್ಬರ ಭುಜ, ಒಬ್ಬರ ತಲೆ ಹಿಡಿದುಕೊಂಡೇ ಹಾರಿದ. ಭಟ್ಟರ ಬಾಯಿ ತೆರೆದಲ್ಲೇ ನಿಂತಿತು. ಬಾಗಿಲು ದಢಾರೆಂದಿತು, ನಳ್ಳಿ ತೆರೆಯಿತು.

“ಯಜಮಾನರಿಗೆ ಅರ್ಜೆಂಟ್ ಫೋನ್ ಬಂತಾ?” ಎಂದರು ಯಾರೋ. ಎಲ್ಲ ನಕ್ಕರು. ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ?

ಕಾಲು ಗಂಟೆ ಕಾದು, ಮಗಳನ್ನೊಬ್ಬಳನ್ನೇ ಕೂರಿಸಿ ಪೂಜೆ ಮುಗಿಸಿದರು. ಅಳಿಯ ಬೇರೆ ಪಂಚೆ ಉಟ್ಟು ಬಂದು ಎಲ್ಲರಿಗೂ ನಗುನಗುತ್ತ ಪ್ರಸಾದ ಹಂಚಿದ. ಜನ ಹೋದ ಮೇಲೆ ನಾನು ಕಾಲು ತೊಳೆಯಲು ಒಳಗೆ ಹೋದೆ. ಬಕೆಟಿನಲ್ಲಿ ಅವನ ಪೂಜೆಯ ಪಂಚೆ ನೆನೆಹಾಕಿತ್ತು. ನೀರು ಕೆಂಪಗಿತ್ತು.

ಅದು ಕುಂಕುಮವಲ್ಲ. ಐದು ಹೆತ್ತವಳು ನಾನು, ನೆತ್ತರು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಂಚೆ ಒಗೆದು ಹಿಂಡಿ ಒಣಹಾಕಿದೆ. ಸಂಜೆ ಅವನು ಮತ್ತೆ ಒಳಗೆ ಹೋದಾಗ ಅಡುಗೆಮನೆಯ ಪ್ಲಾಸ್ಟಿಕ್ ಸ್ಟೂಲು ತಂದು ಬಾಗಿಲಿನ ಹೊರಗೆ ಕೂತೆ. ಮುಖ ನೋಡಿ ಇಂಥ ಮಾತಾಡಲು ನಮ್ಮಿಬ್ಬರಿಗೂ ಆಗುವುದಿಲ್ಲ. ಬಾಗಿಲಿದ್ದದ್ದು ಒಳ್ಳೆಯದಾಯಿತು.

“ಎರಡು ನಿಮಿಷ ಮಾಮಿ, ಬಂದೆ.”

“ನನಗೆ ಬೇಡ. ಕೂತ್ಕೊಳ್ಳಿ. ಎಷ್ಟು ಸಮಯದಿಂದ ಹೋಗ್ತದೆ ನೆತ್ತರು?”

ನಳ್ಳಿ ನಿಂತಿತು.

“ಈ ಸಲ ಮೂರು ತಿಂಗಳಾಯ್ತು,” ಎಂದ. “ದೊಡ್ಡ ಕರುಳಲ್ಲಿ ಹುಣ್ಣು. ಗುಣ ಅಂತ ಆಗುವುದಿಲ್ಲವಂತೆ. ಕಮ್ಮಿ ಆಗ್ತದೆ, ಪುನಃ ಬರ್ತದೆ. ತಿಂದ್ರೆ ಓಡ್ಬೇಕು, ಅದಕ್ಕೆ ತಿನ್ನುವುದಿಲ್ಲ. ಬಸ್ಸಲ್ಲಿ ಒಂದು ಗಂಟೆಗೂ ಜಾಸ್ತಿ ಉಂಟು ಮಾಮಿ. ಹೊರಗೆ ಬರೀ ಮರಳು. ಮರೆಗೆ ಒಂದು ಗಿಡ ಇಲ್ಲ.”

“ಮೊದಲು ಬಂದದ್ದು ಯಾವಾಗ?”

“ಮದುವೆಗೆ ಮೊದಲು.”

“ಮಾತುಕತೆಗೆ ಬಂದಾಗ ಹೇಳ್ಲಿಲ್ಲ ನೀವು.”

“ಹೇಳಿದ್ರೆ ಹುಡುಗಿ ಕೊಡ್ತಿದ್ರಾ?”

“ಇಲ್ಲ,” ಎಂದೆ. ಇದ್ದದ್ದು ಇದ್ದ ಹಾಗೆ.

ಅವನು ನನಗೆ ಹೆದರಿ ಇಷ್ಟು ದೇವರನ್ನು ಸಾಲಾಗಿ ನಿಲ್ಲಿಸಿದ್ದನೆಂದು ಆಗ ಹೊಳೆಯಿತು.

“ಈಗ ಕೊಟ್ಟಾಗಿದೆ,” ಎಂದೆ. “ಕೊಟ್ಟದ್ದನ್ನು ವಾಪಸು ತೆಗೊಳ್ಳುವವಳಲ್ಲ ನಾನು. ಹೆಂಡತಿಗೆ ಇವತ್ತೇ ನೀವೇ ಹೇಳಿ. ನಾಳೆ ಡಾಕ್ಟರಲ್ಲಿಗೆ ಹೋಗುವುದು.”

“ಕಂಪೆನಿಯವರಿಗೆ ಗೊತ್ತಾದ್ರೆ ಊರಿಗೆ ಕಳಿಸ್ತಾರೆ ಮಾಮಿ.”

“ಕಳಿಸಿದ್ರೆ ಬರುವಾ. ಊರಲ್ಲಿ ಬಾತ್‌ರೂಮಿಲ್ಲವಾ?”

ಒಳಗೆ ನಕ್ಕನೋ ಅತ್ತನೋ. ಬಾಗಿಲು ದಪ್ಪ.

ಡಾಕ್ಟರು ಹಿಂದಿನಿಂದ ಕ್ಯಾಮೆರಾ ಹಾಕಿ ನೋಡಿ, ಮಾತ್ರೆ ಬರೆದು, ಇಷ್ಟು ದಿನ ಮಾತ್ರೆ ಬಿಟ್ಟದ್ದಕ್ಕೆ ಬೈದರು. ಕಷಾಯದ ವಿಷಯ ಕೇಳಿ ನನಗೂ ಬೈದರು. ಬೈಯಲಿ, ತಪ್ಪು ನನ್ನದೇ. ಕಂಪೆನಿ ಊರಿಗೆ ಕಳಿಸಲಿಲ್ಲ, ದೋಹಾದೊಳಗಿನ ಆಫೀಸಿಗೆ ಹಾಕುವ ಮಾತು ಮಾತಾಗಿಯೇ ಉಳಿಯಿತು. ಅದೇ ಬಸ್ಸು, ಅದೇ ಮರಳು. ನೆತ್ತರು ಕಡಿಮೆಯಾಯಿತು, ನಿಲ್ಲಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ನಾನು ಸ್ಟೂಲಿನಲ್ಲಿ ಕೂರುವುದು ರೂಢಿಯಾಯಿತು. ಅವನು ಒಳಗೆ, ನಾನು ಹೊರಗೆ. ಆ ದೇಶದಲ್ಲಿ ನಾನು ಹೊಟ್ಟೆತುಂಬ ಮಾತಾಡಿದ್ದು ಆ ಬಾಗಿಲಿನ ಜೊತೆಗೇ. ನಡುನಡುವೆ ನಾನು ಸುಮ್ಮನಾದರೆ ಒಳಗಿಂದ ಸಣ್ಣ ದನಿ: “ಮಾಮಿ, ಇದ್ದೀರಾ?”

“ಇದ್ದೇನೆ. ನಿಧಾನ ಮಾಡಿ.”

ನನ್ನ ವೀಸಾ ಮುಗಿಯಿತು. ಏರ್‌ಪೋರ್ಟಿನಲ್ಲಿ ಅವನು ನನ್ನ ಕಾಲು ಮುಟ್ಟಿ, ನೆಲ ನೋಡುತ್ತ ಹೇಳಿದ, “ಕಷ್ಟದ ದಿನ ಒಂದು ಮಿಸ್ಡ್ ಕಾಲ್ ಕೊಡ್ಲಾ ಮಾಮಿ? ಎತ್ತುವುದು ಬೇಡ.”

“ಎತ್ತದೆ ಎಂತ ಪ್ರಯೋಜನ?”

“ರಿಂಗ್ ಆಗ್ತದಲ್ಲ. ಅಷ್ಟು ಸಾಕು.”

ಈಗ ನಾನು ಮಗನ ಮನೆಯಲ್ಲಿದ್ದೇನೆ. ಇಲ್ಲಿ ಏಳಾಗುವಾಗ ಅಲ್ಲಿ ನಾಲ್ಕೂವರೆ. ಕೆಲವು ದಿನ ಫೋನು ಸುಮ್ಮನಿರುತ್ತದೆ, ಆಗ ಚಹಾ ರುಚಿಯಾಗುತ್ತದೆ. ಕೆಲವು ದಿನ ಎರಡು ಸಲ ಬಡಿದು ನಿಲ್ಲುತ್ತದೆ. “ಯಾರದ್ದು ಮಾಮಿ ಅದು?” ಎಂದು ಸೊಸೆ ಅಡುಗೆಮನೆಯಿಂದ ಕೇಳುತ್ತಾಳೆ. “ಉಪವಾಸದವರದ್ದು” ಎನ್ನುತ್ತೇನೆ.

ಎತ್ತುವುದಿಲ್ಲ, ಮಾತು ಮಾತೇ. ಫೋನಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡಿದ್ದೇನೆ. ಎರಡನೆಯ ಸಲ ಬಡಿದು ನಿಲ್ಲುವ ಮುಂಚೆ, ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ, ಇದ್ದೇನೆ ಎನ್ನುತ್ತೇನೆ. ಮತ್ತೆ ಅಲ್ಲಿ ಬಸ್ಸು ಬರುವ ಹೊತ್ತಾಗುವವರೆಗೆ ಏಳುವುದಿಲ್ಲ.