ಉಳಿದದ್ದೆಲ್ಲಾ ತಿನ್ನಿ

ಎಲ್ಲಾ ಶುರುವಾಗಿದ್ದು ಒಂದು ಬನ್ನಿನಿಂದ.

ಆಸ್ಪತ್ರೆಯ ಇಡೀ ವಾರ್ಡು ‘ಬನ್ ಡಾಕ್ಟ್ರು’ ಎಂದು ಕರೆಯುತ್ತಿದ್ದ ಆ ಹುಡುಗ ಇನ್ನೂ ಪೂರ್ತಿ ಡಾಕ್ಟರಾಗಿರಲಿಲ್ಲ. ಬೇರೆಲ್ಲ ವಿಷಯದಲ್ಲೂ ದಡ ಸೇರಿದ್ದ, ಆಹಾರದ ಪಾಠವೊಂದರಲ್ಲಿ ಮಾತ್ರ ಮುಳುಗಿದ್ದ. ಮಧ್ಯಾಹ್ನದ ಊಟ ಮುಗಿಸಿ ಬಂದು ಆ ಕ್ಲಾಸಿನಲ್ಲಿ ಅವನು ಹೊಡೆಯುತ್ತಿದ್ದ ಗೊರಕೆ ಪಕ್ಕದ ಕೊಠಡಿಗೂ ಕೇಳುತ್ತಿತ್ತು. ಇನ್ನೊಮ್ಮೆ ಫೇಲಾದರೆ ಗೆಳೆಯರೆಲ್ಲ ಡಾಕ್ಟರಾಗಿ ಹೊರಟುಬಿಡುತ್ತಾರೆ, ಇವನಿಗೆ ಜೂನಿಯರ್‌ಗಳ ಜೊತೆ ಮತ್ತೆ ಅದೇ ಬೆಂಚು.

ಅವತ್ತು ಬೆಳಿಗ್ಗೆ ಸಕ್ಕರೆ ಕಾಯಿಲೆಯ ತಾತನ ಮಂಚದ ಪಕ್ಕ ನಿಂತು ಒಂದೇ ಉಸಿರಿಗೆ ಹೇಳಿದ, “ಉಪ್ಪು ಬೇಡ, ಸಕ್ಕರೆ ಬೇಡ, ಎಣ್ಣೆ ಬೇಡ, ಕರಿದಿದ್ದು ಬೇಡ.”

“ಮತ್ತೆ ಏನ್ ತಿನ್ಲಿ ಡಾಕ್ಟ್ರಪ್ಪಾ?”

“ಉಳಿದದ್ದೆಲ್ಲಾ ತಿನ್ನಿ ತಾತ!”

ಅಷ್ಟರಲ್ಲಿ ಅವನ ಕೋಟಿನ ಜೇಬಿನಿಂದ ಅರ್ಧ ಕಚ್ಚಿದ ಬನ್ನು ಜಾರಿ, ಉರುಳುತ್ತಾ ಹೋಗಿ, ಹಿಂದೆ ನಿಂತಿದ್ದವರ ಚಪ್ಪಲಿಗೆ ತಾಗಿ ನಿಂತಿತು. ನಿಂತಿದ್ದವರು ಆಹಾರದ ಪಾಠದ ಮೇಡಂ.

“ಭೇಷ್,” ಅಂದರು ಮೇಡಂ. “ಇವತ್ತು ತಾತಂಗೆ ಬರೋ ಊಟಾನೇ ನಿಂಗೂ. ಸಂಜೆ ಇಬ್ರದ್ದೂ ಶುಗರ್ ನೋಡ್ತೀನಿ. ಎರಡೂ ಸರಿ ಇದ್ರೆ ಪಾಸು. ಒಂದು ಕೆಟ್ರೂ ಫೇಲು.”

“ಇಷ್ಟೇನಾ ಮೇಡಂ!” ಎಂದು ಹುಡುಗ ಎದೆಯುಬ್ಬಿಸಿದ.

ತಿಂಡಿ ಬಂತು. ಉಪ್ಪಿಲ್ಲದ ಗಂಜಿ ಒದ್ದೆ ರಟ್ಟನ್ನು ಅಗಿದ ಹಾಗಿತ್ತು. ಮಧ್ಯಾಹ್ನ ಬಂದ ಬೇಯಿಸಿದ ತರಕಾರಿ, ತಾನು ಯಾವ ತರಕಾರಿ ಅನ್ನೋದನ್ನೇ ಮರೆತು ಕೂತಿತ್ತು. ಹುಡುಗ ಉಪ್ಪಿನ ಡಬ್ಬಿಯತ್ತ ಕಣ್ಣು ಹಾಯಿಸಿದರೂ ಸಾಕು, ತಾತ “ಸಿಸ್ಟರಮ್ಮಾ, ನೋಡೀ ಇವನ್ನ!” ಎಂದು ಕೂಗಿ ವಾರ್ಡನ್ನೇ ಎಬ್ಬಿಸುತ್ತಿದ್ದ. ಕದ್ದು ಕ್ಯಾಂಟೀನಿಗೆ ಹೋದರೆ ಅಲ್ಲಿಯವನು ಗಲ್ಲಾದಿಂದ ಏಳಲೇ ಇಲ್ಲ. “ಸಿಸ್ಟರ್ ಫೋನ್ ಮಾಡಿದ್ರು ಡಾಕ್ಟ್ರೇ. ನಿಮಗೆ ಬಿಸಿನೀರು ಮಾತ್ರ. ಎಷ್ಟ್ ಬೇಕಾದ್ರೂ ಕುಡೀರಿ.”

ಮೂಲೆ ಮಂಚದ ಹೆಂಗಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹುಡುಗ ಗಾಬರಿಯಾದ. “ಅಕ್ಕಾ, ಒಳಗೆ ಏನೋ ಗುಡುಗ್ತಿದೆ!”

“ಅದು ನಿಮ್ಮ ಹೊಟ್ಟೆ ಡಾಕ್ಟ್ರೇ. ನಂಗೂ ಕೇಳಿಸ್ತಿದೆ.”

ನಾಲ್ಕು ಗಂಟೆ ಹೊತ್ತಿಗೆ ಅಸಲಿ ಪರೀಕ್ಷೆ ಬಂತು. ಅವತ್ತು ಸಿಸ್ಟರ್ ಹುಟ್ಟುಹಬ್ಬ. ಬೆಳಿಗ್ಗೆಯಿಂದ ಪೊಲೀಸಿನಂತೆ ಕಾವಲು ಕಾದಿದ್ದ ಅದೇ ಸಿಸ್ಟರು, ಖುಷಿಯಲ್ಲಿ ಎಲ್ಲಾ ಮರೆತು, ಇಟ್ಟಿಗೆಯಷ್ಟು ದಪ್ಪದ ಚಾಕಲೇಟ್ ಕೇಕನ್ನು ಅವನ ಕೈಗೆ ತುರುಕಿ ಹೋದರು. ಹುಡುಗ ಕೇಕನ್ನು ನೋಡಿದ. ಕೇಕು ಹುಡುಗನನ್ನು ನೋಡಿತು. ಬಾಯಿ ತಾನಾಗೇ ತೆರೆದುಕೊಂಡಿತು. ಆಗ ಜೂನಿಯರ್‌ಗಳ ಆ ಬೆಂಚು ಕಣ್ಣ ಮುಂದೆ ಬಂತು ನೋಡಿ, ಎದ್ದೆನೋ ಬಿದ್ದೆನೋ ಎಂದು ತಾತನ ಹತ್ತಿರ ಓಡಿದ.

“ತಾತ, ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ನನ್ ಕೈಗೆ ಸಿಗದೇ ಇರೋ ಕಡೆ ಇಟ್ಬಿಡಿ!”

“ನೀನ್ ಹೋಗಪ್ಪಾ, ನಾನಿದೀನಿ,” ಅಂದ ತಾತ, ಗಂಭೀರವಾಗಿ.

ಗೆದ್ದೆ ಅನ್ನಿಸಿತು ಹುಡುಗನಿಗೆ. ಸಂಜೆಯವರೆಗೂ ಯುದ್ಧ ಮುಗಿಸಿ ಬಂದ ರಾಜನ ಹಾಗೆ ವಾರ್ಡಿನ ತುಂಬ ಓಡಾಡಿದ.

ಸಂಜೆ ಮೇಡಂ ಬಂದರು. ಮೊದಲು ಅವನ ಬೆರಳಿಗೆ ಸೂಜಿ. ಯಂತ್ರ ನೋಡಿ ಮೇಡಂ ಹುಬ್ಬೇರಿಸಿದರು. “ಅಬ್ಬಾ, ಇಷ್ಟ್ ಚೆನ್ನಾಗಿರೋ ಶುಗರ್ ನನ್ ಕ್ಲಾಸಲ್ಲೇ ಯಾರ್ದೂ ಇಲ್ಲ ಕಣೋ!” ವಾರ್ಡಿಗೆ ವಾರ್ಡೇ ಚಪ್ಪಾಳೆ ಹೊಡೆಯಿತು. ಮೂಲೆ ಮಂಚದ ಅಕ್ಕ ಸೀಟಿಯನ್ನೂ ಹಾಕಿದಳು.

ಆಮೇಲೆ ತಾತನ ಬೆರಳು. ಎರಡು ದಿನದಿಂದ ಹದಕ್ಕೆ ಬಂದಿದ್ದ ತಾತನ ಶುಗರ್ ಗಾಳಿಪಟದ ಹಾಗೆ ಮೇಲೇರಿ ಕೂತಿತ್ತು.

ಹುಡುಗ ತಾತನತ್ತ ತಿರುಗಿದ. “ತಾತ... ಆ ಕೇಕ್ ಎಲ್ಲಿಟ್ರಿ?”

“ದಿಂಬಿನಡಿ ಇಟ್ರೆ ನೀನ್ ಹುಡುಕ್ತೀಯ, ಮಂಚದಡಿ ಇಟ್ರೆ ಬಗ್ಗಿ ನೋಡ್ತೀಯ,” ಎಂದು ತಾತ ಹೊಟ್ಟೆ ಸವರಿಕೊಂಡ. “ಯೋಚ್ನೆ ಮಾಡಿ ಮಾಡಿ, ನಿನ್ ಕೈ ಯಾವತ್ತೂ ತಲುಪದ ಕಡೆ ಇಟ್ಟೆ ಕಣಪ್ಪಾ.”

ಮೇಡಂ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ನೀನೊಬ್ಬ ಪಥ್ಯ ಮಾಡಿದ್ರೆ ಏನ್ ಬಂತೋ? ರೋಗಿ ಕೈಲಿ ಮಾಡ್ಸೋದೇ ಪಾಠ. ಹೋಗ್ಲಿ, ಇನ್ನೊಂದ್ ಅವಕಾಶ ಕೊಡ್ತೀನಿ. ಇನ್ನೊಂದ್ ವಾರ ಇಬ್ರೂ ಇದೇ ಊಟ.”

ಹುಡುಗ ಸ್ಟೂಲಿನ ಮೇಲೆ ಕುಸಿದು ಕೂತ. ತಾತ ಅಕ್ಕರೆಯಿಂದ ಅವನ ಬೆನ್ನು ತಟ್ಟಿ, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

“ಈ ವಾರ ಬೇರೆ ಯಾರ್ದಾದ್ರೂ ಹುಟ್ಟುಹಬ್ಬ ಇದ್ಯಾ?”